ಕುದಿಯುವುದನ್ನು ಬಿಟ್ಟ ಜೀಪು

ನಮ್ಮ ಮನೆಯಲ್ಲೊಂದು ಹಳೆಯ ಡೀಸೆಲ್ ಜೀಪಿತ್ತು. ನನ್ನ ಗಂಡ ಕಾರ್ಖಾನೆಯಿಂದ ನಿವೃತ್ತರಾದ ವರ್ಷ ಯಾವುದೋ ಸರ್ಕಾರಿ ಹರಾಜಿನಲ್ಲಿ ಕೂಗಿ ತಂದದ್ದು. ಕೆಂಗೇರಿ ಉಪನಗರದ ನಮ್ಮ ಬೀದಿಯಲ್ಲಿ ಉಳಿದ ಕಾರುಗಳೆಲ್ಲ ಕವರ್ ಹೊದ್ದು ನಿಂತಿದ್ದರೆ ಇದೊಂದು ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು ಗೇಟಿನ ಮುಂದೆ ನಿಂತಿರುತ್ತಿತ್ತು. ಅಕ್ಕಪಕ್ಕದವರಿಗೆ ಅದನ್ನು ಕಂಡರಾಗದು. ನನಗೆ ಅದರ ಮೇಲೆ ಪ್ರಾಣ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹುಚ್ಚಿ ಅಂದುಕೊಂಡರೂ ಚಿಂತೆಯಿಲ್ಲ. ಐವತ್ತು ದಾಟಿದ ಮೇಲೆ ನಾನು ಗಾಡಿ ಓಡಿಸಲು ಕಲಿತದ್ದು ಆ ಜೀಪಿನಲ್ಲಿ. ಬೇರೆ ಯಾವ ಗಾಡಿಯೂ ಈ ಜನ್ಮದಲ್ಲಿ ನನ್ನ ಕೈಗೆ ಸಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಏಳೆಂಟು ಜೀಪುಗಳ ಒಂದು ಗುಂಪು ಮಾಗಡಿ ಕಡೆಯ ಕಲ್ಲುಗುಡ್ಡಗಳಿಗೆ ಹೋಗುತ್ತಿತ್ತು. ರಸ್ತೆಯೇ ಇಲ್ಲದ ಕಡೆ ಬಂಡೆ ಹತ್ತಿಸುವುದು, ಬತ್ತಿದ ಕೆರೆಗೆ ಇಳಿಸುವುದು, ಹೂತುಕೊಂಡರೆ ಹಗ್ಗ ಕಟ್ಟಿ ಎಳೆಯುವುದು, ಇದೇ ಅವರ ಆಟ. ನನ್ನ ಪಾಲಿನ ಕೆಲಸ ಎಲ್ಲರಿಗೂ ಸಾಕಾಗುವಷ್ಟು ಚಿತ್ರಾನ್ನ ಕಟ್ಟಿಕೊಂಡು ಹೋಗುವುದು. ಒಂದು ಭಾನುವಾರ ನನ್ನ ಗಂಡನಿಗೆ ಸೊಂಟ ಹಿಡಿದುಕೊಂಡಿತು. "ಇಲ್ಲಿ ಯಾರೂ ಅಡ್ಡ ಬರಲ್ಲ, ನೀನೇ ಓಡ್ಸೇ ಸ್ವಲ್ಪ" ಅಂದರು. ಓಡಿಸಿದೆ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷ ಬ್ಲೌಸ್ ಹೊಲಿದವಳು ನಾನು. ಮೆಷಿನ್ ತುಳಿದ ಕಾಲಿಗೆ ಕ್ಲಚ್ಚು ಏನು ಮಹಾ! ಅಂದಿನಿಂದ ಭಾನುವಾರ ಮಧ್ಯಾಹ್ನದ ಮೇಲೆ ಸ್ಟೇರಿಂಗ್ ನನ್ನದಾಯಿತು. ಊರೊಳಗೆ ಮಾತ್ರ ಕೊಡುತ್ತಿರಲಿಲ್ಲ. ತಾವರೆಕೆರೆ ಹತ್ತಿರ ಬಂದಂತೆ "ಸಾಕು, ಇಳಿ" ಅನ್ನುತ್ತಿದ್ದರು. ಇಳಿಯುತ್ತಿದ್ದೆ.

ಆ ಜೀಪಿಗೆ ಇದ್ದದ್ದು ಒಂದೇ ರೋಗ. ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಗುಡ್ಡ ಹತ್ತುವಾಗ ಎಂಜಿನ್ ಕಾಯುತ್ತಿತ್ತು. ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಮುಟ್ಟಿತು ಅನ್ನುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ. ರಸ್ತೆಯಲ್ಲಿ ಜೋರಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ; ಗುಡ್ಡದಲ್ಲಿ ತೆವಳುವಾಗ ಆ ಕೆಲಸ ಫ್ಯಾನೇ ಮಾಡಬೇಕು. ನಮ್ಮದರಲ್ಲಿದ್ದುದು ಎಂಜಿನ್ನೇ ತಿರುಗಿಸುವ ಹಳೆಯ ಫ್ಯಾನು. ಎಂಜಿನ್ ನಿಧಾನವಾದರೆ ಅದೂ ನಿಧಾನ. ಉಳಿದವರು ಕಾದು ಕಾದು ಬೇಸತ್ತು ಮುಂದೆ ಹೋಗಿಬಿಡುತ್ತಿದ್ದರು. ಒಂದು ಸಲ ಗುಂಪಿನವನೊಬ್ಬ "ಅಂಕಲ್, ಕಾಫಿ ಪುಡಿ ತಂದಿದ್ರೆ ಬಿಸಿನೀರು ಇಲ್ಲೇ ಇತ್ತಲ್ಲ" ಅಂದ. ಎಲ್ಲರೂ ನಕ್ಕರು. ನನ್ನ ಗಂಡನ ಮುಖ ಕಪ್ಪಿಟ್ಟಿತು. "ಇನ್ನೊಂದ್ ಸಲ ಕುದೀಲಿ, ಮಾರ್ ಬಿಸಾಕ್ತೀನಿ" ಅಂತ ಎಲ್ಲರೆದುರೇ ಅಂದರು. ಜೀಪು ಹೋದರೆ ನನ್ನ ಭಾನುವಾರವೂ ಹೋಯಿತು, ಸ್ಟೇರಿಂಗೂ ಹೋಯಿತು.

ಮೈಸೂರು ರಸ್ತೆಯ ಪಕ್ಕದಲ್ಲಿ ಶೆಡ್ ಹಾಕಿಕೊಂಡಿದ್ದ ನಮ್ಮ ಮೆಕ್ಯಾನಿಕ್ ಬಹಳ ಅನುಭವಸ್ಥ. ಆ ಮಾತನ್ನು ಅವನೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದ. "ಎಲೆಕ್ಟ್ರಿಕ್ ಫ್ಯಾನ್ ಒಂದ್ ಎಕ್ಸ್‌ಟ್ರಾ ಹಾಕ್ಬಿಡೋಣ ಸಾರ್. ಬ್ಯಾಟ್ರಿಯಿಂದ ಓಡುತ್ತೆ, ಎಂಜಿನ್ ನಿಧಾನ ಇದ್ರೂ ಅದು ಫುಲ್ ಸ್ಪೀಡು" ಅಂದ. ಮಾತು ಸರಿಯೇ. ಗುಜರಿಗೆ ಬಂದ ಯಾವುದೋ ಕಾರಿನ ಫ್ಯಾನು ತಂದು ರೇಡಿಯೇಟರಿನ ಮುಂಭಾಗಕ್ಕೆ ಕೂರಿಸಿದ. ಸ್ವಿಚ್ ಹಾಕಿದರೆ ಅದೇನು ಸದ್ದು ಅಂತೀರಿ! "ಕೇಳಿ ಸಾರ್, ಹೆಂಗ್ ಹೊಡೀತೈತೆ" ಅಂದ. ನನ್ನ ಗಂಡ ಸಂತೋಷದಿಂದ ತಲೆದೂಗಿದರು. ಗಂಡಸರು ಫ್ಯಾನನ್ನು ಕಿವಿಯಿಂದ ಆರಿಸುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು. ಮುಂದಿನ ಭಾನುವಾರ ಜೀಪು ಮೊದಲಿಗಿಂತ ಬೇಗ ಕುದಿಯಿತು.

ಮನೆಗೆ ಬಂದವರೇ ನನ್ನ ಗಂಡ ಮಾರುವ ಮಾತು ತೆಗೆದರು. ನಾನು ಅಡ್ಡ ಹಾಕಿದೆ.

"ರೀ, ಒಂದ್ ತಿಂಗ್ಳು ನಂಗೆ ಬಿಡಿ. ನಾನ್ ನೋಡ್ತೀನಿ."

"ನೀನೇನೇ ನೋಡ್ತೀಯಾ? ಅದೇನ್ ಬ್ಲೌಸಾ?"

"ಬ್ಲೌಸೇ ಅನ್ಕೊಳ್ಳಿ."

"ಆಯ್ತು, ನಿಲ್ಸು ನೋಡೋಣ. ಆಮೇಲ್ ಮಾತಾಡೋಣ" ಅಂದರು. ಕುದಿಯುವುದು ನಿಂತರೆ ಜೀಪು ಉಳಿಯುತ್ತದೆ ಅಂತಲೇ ನಾನು ತಿಳಿದುಕೊಂಡೆ. ಬಾಯಿಬಿಟ್ಟು ಹಾಗೆ ಹೇಳಿಸಿಕೊಳ್ಳಬೇಕಿತ್ತು. ಹೇಳಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ, ಎರಡು ಊದುಬತ್ತಿ ಹಚ್ಚಿಕೊಂಡು ಜೀಪಿನ ಮುಂದೆ ಹೋದೆ. ಎಂಜಿನ್ ಆಫ್ ಇಟ್ಟು ಹೊಸ ಫ್ಯಾನನ್ನು ಮಾತ್ರ ಹಾಕಿ, ಗ್ರಿಲ್ಲಿನ ಮುಂದೆ ಹೊಗೆ ಹಿಡಿದೆ. ಹೊಗೆ ಒಳಗೆ ಹೋಗಬೇಕಿತ್ತು. ನನ್ನ ಮುಖಕ್ಕೇ ಬಂದು ಬಡಿಯಿತು. ಹಳೆಯ ಫ್ಯಾನು ಹಿಂದಿನಿಂದ ಗಾಳಿಯನ್ನು ಒಳಕ್ಕೆ ಎಳೆಯುತ್ತಿದ್ದರೆ ಹೊಸದು ಮುಂದಿನಿಂದ ಹೊರಕ್ಕೆ ನೂಕುತ್ತಿತ್ತು. ಅತ್ತೆ ಸೊಸೆ ಜಗಳದ ಮನೆಯ ಹಾಗೆ ನಡುವೆ ರೇಡಿಯೇಟರಿಗೆ ಉಸಿರೇ ಇಲ್ಲ. ಮೆಕ್ಯಾನಿಕ್‌ಗೆ ಹೇಳಿದರೆ ಅವನು ನನ್ನ ಮುಖ ನೋಡದೆ ನನ್ನ ಗಂಡನಿಗೆ ಅಂದ: "ಮೇಡಂ ಊದ್‌ಬತ್ತಿ ಹಚ್ಚಿ ಪೂಜೆ ಮಾಡವ್ರೆ ಸಾರ್, ಇನ್ಮೇಲೆ ಕುದಿಯಲ್ಲ ಬಿಡಿ." ಇಬ್ಬರೂ ನಕ್ಕರು. ಆಮೇಲೆ ತೆಪ್ಪಗೆ ಎರಡು ವೈರು ಅದಲುಬದಲು ಮಾಡಿದ. ಫ್ಯಾನು ತಿರುಗಾಮುರುಗಾ ತಿರುಗತೊಡಗಿತು. ಈಗ ಹೊಗೆ ಒಳಗೆ ಹೋಯಿತು, ಆದರೆ ಸೋಮಾರಿಯಾಗಿ. ಯಾಕೆಂದರೆ ಆ ರೆಕ್ಕೆಗಳ ಬಾಗು ಇನ್ನೊಂದು ದಿಕ್ಕಿಗೆ ಮಾಡಿದ್ದು. ಸೌಟನ್ನು ಬೋರಲು ಹಿಡಿದು ಸಾರು ಬಡಿಸಿದಂತಿತ್ತು ಅದರ ಕೆಲಸ.

ಗುಂಪಿನ ವಾಟ್ಸಾಪಿನಲ್ಲಿ ಕೇಳೋಣ ಅಂತ ನನ್ನ ನಂಬರಿನಿಂದ ವಿವರವಾಗಿ ಬರೆದು ಹಾಕಿದೆ. ಒಬ್ಬ ಮಹಾನುಭಾವ ಕೈಮುಗಿದ ಚಿತ್ರ ಕಳಿಸಿದ, ಅಷ್ಟೇ. ಅದೇ ಮಾತನ್ನು, ಒಂದಕ್ಷರ ಬದಲಿಸದೆ, ಸಂಜೆ ನನ್ನ ಗಂಡನ ಫೋನಿನಿಂದ ಹಾಕಿದೆ. ಸುರಿಮಳೆ! ದೊಡ್ಡದು ಹಾಕಿ ಅಂಕಲ್, ಹತ್ತು ರೆಕ್ಕೆಯದು ಹಾಕಿ, ಇನ್ನೊಂದು ಮುಂದೆ ಹಾಕಿ, ಲಾರಿದು ಹಾಕಿ. ಜಾಗ ಎಷ್ಟಿದೆ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮೆಟ್ರೋ ಹತ್ತಿ ವಿಜಯನಗರದಲ್ಲಿಳಿದು ಆಟೋ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಅಲ್ಲೊಬ್ಬರು ವಯಸ್ಸಾದವರು ರೇಡಿಯೇಟರ್‌ಗಳಿಗೆ ಬೆಸುಗೆ ಹಾಕುತ್ತಾರೆ ಅಂತ ನನ್ನ ಗಿರಾಕಿಯೊಬ್ಬಳು ಹೇಳಿದ್ದಳು. ಪುಣ್ಯಾತ್ಮ, ಯಜಮಾನರು ಬಂದಿಲ್ಲವಾ ಅಂತ ಕೇಳಲಿಲ್ಲ. ಸ್ಟೂಲು ಕೊಟ್ಟು ಕೂರಿಸಿ, ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಫ್ಯಾನ್ ಹಿಂದ್ಗಡೆ ಇರ್ಬೇಕಮ್ಮ, ಎಂಜಿನ್ ಕಡೆ. ಗಾಳೀನ ಅಲ್ಲಿಂದ ಎಳೀಬೇಕು. ಮುಂದ್ಗಡೆ ಹಾಕಿದ್ರೆ ಬರೋ ಗಾಳಿಗೂ ಅದೇ ಅಡ್ಡ. ಆಮೇಲೆ ಸುತ್ತ ತಗಡಿನ ಕವಚ ಬೇಕು. ಅದಿಲ್ದಿದ್ರೆ ಫ್ಯಾನ್ ಎಷ್ಟಗಲ ಇರುತ್ತೋ ಅಷ್ಟಗಲಾನೇ ತಣ್ಣಗಾಗೋದು, ಮೂಲೆಯೆಲ್ಲ ಹಂಗೇ ಕಾಯ್ತಾ ಇರುತ್ತೆ. ದೊಡ್ಡ ಫ್ಯಾನು ಅಂತ ಓಡ್ಬೇಡಿ. ಮೊದ್ಲು ಜಾಗ ಅಳ್ಕೊಂಡ್ ಬನ್ನಿ."

ಅಳೆಯುವುದನ್ನು ನನಗೆ ಹೇಳಿಕೊಡಬೇಕೆ? ಕೊರಳಲ್ಲಿ ಸದಾ ನೇತಾಡುವ ಟೇಪಿನಿಂದ ರೇಡಿಯೇಟರಿನ ಉದ್ದ ಅಗಲ ತೆಗೆದೆ. ಹಳೆಯ ಫ್ಯಾನನ್ನು ಬಿಚ್ಚಿಸಿ ನೋಡಿದರೆ ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಉಳಿದದ್ದು ನಾಲ್ಕು ಬೆರಳಿನ ಜಾಗ. ಗುಂಪಿನವರು ಹೇಳಿದ ದಪ್ಪ ಮೋಟಾರಿನ ಫ್ಯಾನು ಯಾವುದೂ ಅಲ್ಲಿ ಹಿಡಿಯುವಂತಿರಲಿಲ್ಲ. ಜೆಸಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಎರಡು ದಿನ ಅಲೆದೆ. "ಮೇಡಂ, ಸಾರ್‌ಗೆ ಫೋನ್ ಹಾಕ್ಕೊಡಿ, ನಾವ್ ಮಾತಾಡ್ತೀವಿ" ಅಂದವರೇ ಎಲ್ಲರೂ. ಕೊನೆಗೆ ತೆಳ್ಳನೆಯ ಎರಡು ಚಿಕ್ಕ ಫ್ಯಾನು ಆರಿಸಿದೆ, ಹಿಂದಿನಿಂದ ಎಳೆಯಲೆಂದೇ ಮಾಡಿದವು. ಒಂದು ಕೆಟ್ಟರೂ ಇನ್ನೊಂದರಲ್ಲಿ ಮನೆ ತಲುಪಬಹುದು. ಕವಚಕ್ಕೆ ಕಂದು ಕಾಗದದಲ್ಲಿ ಬ್ಲೌಸಿಗೆ ಕತ್ತರಿಸುವಂತೆಯೇ ಕಟಿಂಗ್ ತೆಗೆದೆ. ಮೂಲೆಗಳಲ್ಲಿ ಟಕ್ಸ್ ಹಿಡಿದು, ಫ್ಯಾನಿಗೆ ಎರಡು ಕತ್ತು ಬಿಟ್ಟೆ. ಕಾಮಾಕ್ಷಿಪಾಳ್ಯದ ತಗಡಿನ ಕೆಲಸದವನು ಅದನ್ನಿಟ್ಟುಕೊಂಡು ತಗಡು ಕತ್ತರಿಸಿದ. ಬಿಸಿಯೇರಿದಾಗ ತಾನಾಗಿಯೇ ಫ್ಯಾನು ಹಾಕುವ ಸ್ವಿಚ್ಚೂ ಸೇರಿ, ಗೊಣಗುತ್ತಲೇ ಮೆಕ್ಯಾನಿಕ್ ಎಲ್ಲ ಕೂರಿಸಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಲಿಲ್ಲ.

ಆ ಭಾನುವಾರ ಸುಡು ಮಧ್ಯಾಹ್ನದಲ್ಲಿ, ಯಾವಾಗಲೂ ಕುದಿಯುತ್ತಿದ್ದ ಅದೇ ಗುಡ್ಡವನ್ನು ನಾನೇ ಹತ್ತಿಸಿದೆ. ಕಣ್ಣು ಬಂಡೆಯ ಮೇಲಿರಲಿಲ್ಲ, ಮೀಟರಿನ ಮುಳ್ಳಿನ ಮೇಲಿತ್ತು. ಅರ್ಧಕ್ಕೆ ಬಂದು ನಿಂತ ಮುಳ್ಳು, ಜೀಪು ಗುಡ್ಡದ ನೆತ್ತಿ ಮುಟ್ಟಿದರೂ ಅಲ್ಲಾಡಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ ಹೇಳಲು. ಕೆಳಗಿಳಿದು ಬುತ್ತಿ ಬಿಚ್ಚುತ್ತಿದ್ದಾಗ ಗುಂಪಿನವರೆಲ್ಲ ಬಾನೆಟ್ ಸುತ್ತ ಸೇರಿದ್ದರು. "ಅಂಕಲ್, ಸಖತ್ತಾಗ್ ಮಾಡ್ಸಿದೀರಾ!" ಅಂತ ಒಬ್ಬ ಅಂದ. "ಸುಮಾರ್ ತಲೆ ಕೆಡಿಸ್ಕೊಂಡೆ ಕಣಪ್ಪಾ" ಅಂತ ನನ್ನ ಗಂಡನ ದನಿ ಕೇಳಿತು. ಹೊಗಳಿಕೆ ಅವರಿಗಿರಲಿ, ಸ್ಟೇರಿಂಗ್ ನನಗಿರಲಿ ಅಂದುಕೊಂಡು ಚಿತ್ರಾನ್ನ ಬಡಿಸಿದೆ.

ಮೂರು ತಿಂಗಳು ಒಂದು ಹನಿ ನೀರೂ ಕುದಿಯಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವರು ಅಂದರು, "ಶನಿವಾರ ಒಬ್ರು ಗಾಡಿ ನೋಡಕ್ ಬರ್ತಾರೆ."

"ಯಾವ ಗಾಡಿ?"

"ಇರೋದ್ ಒಂದೇ ಅಲ್ವೇನೇ."

"ಕುದಿಯೋದ್ ನಿಂತಿದೆಯಲ್ರೀ!"

"ಅದಕ್ಕೇ ಕಣೇ. ಕುದಿಯೋ ಗಾಡೀನ ಯಾರ್ ತಗೋತಾರೆ? ಮಾರಿದ್ರೆ ಇವಾಗ್ಲೇ ಮಾರ್ಬೇಕು. ನನ್ ಸೊಂಟಕ್ಕೆ ಇದೆಲ್ಲ ಆಗಲ್ಲ. ಆಟೋಮ್ಯಾಟಿಕ್ ಕಾರ್ ತಗೊಳ್ಳೋಣ, ಎಸಿ ಹಾಕ್ಕೊಂಡು ಆರಾಮಾಗ್ ಪಕ್ಕದಲ್ ಕೂತ್ಕೋ."

ಪಕ್ಕದಲ್ಲಿ ಕೂತ್ಕೋ! ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ಎದ್ದೆ. ಕೋಪ ಮಾಡಿಕೊಂಡೆ, ಅತ್ತು ಕರೆದೆ, ಎರಡು ದಿನ ಮಾತು ಬಿಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನನಗೆ ಆ ಜೀಪು ಬೇಕಿರಬಹುದು ಅನ್ನುವುದೇ ಆ ಮನುಷ್ಯನಿಗೆ ಹೊಳೆಯಲಿಲ್ಲ. ಕೆಟ್ಟವರೇನಲ್ಲ. ಅದೇ ಇನ್ನೂ ಸಂಕಟ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಶನಿವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿದೆ. ಬ್ಯಾಟರಿಯ ಪಕ್ಕ ಫ್ಯಾನುಗಳ ಫ್ಯೂಸಿತ್ತು. ಕಿತ್ತು ಮುಷ್ಟಿಯಲ್ಲಿಟ್ಟುಕೊಂಡೆ. ಹಳೆಯ ಫ್ಯಾನೂ ಇಲ್ಲದ ಮೇಲೆ, ಬಿಸಿಲಲ್ಲಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದರೆ ಸಾಕು, ಕೊಳ್ಳಲು ಬಂದವನ ಎದುರಿಗೇ ಹಬೆ ಏಳುತ್ತದೆ. ಕುದಿಯುವ ಗಾಡಿಯನ್ನು ಯಾರು ತಗೊಳ್ಳುತ್ತಾರೆ?

ಅಷ್ಟರಲ್ಲಿ ಅವನು ಬಂದೇ ಬಿಟ್ಟ. ಬಾಗಲಕೋಟೆ ಕಡೆಯವನು, ನಾಗರಬಾವಿಯಲ್ಲಿ ಬಾಡಿಗೆ ಮನೆಯಂತೆ. ನನ್ನ ಗಂಡ ಇನ್ನೂ ಸ್ನಾನದಲ್ಲಿದ್ದರು. ತೆರೆದಿದ್ದ ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಆ ತಗಡಿನ ಕವಚದ ಅಂಚಿನ ಮೇಲೆ ಬೆರಳಾಡಿಸಿದ.

"ಇದನ್ನ ಯಾರ್ ಮಾಡ್ಯಾರ್ರಿ ಅಕ್ಕಾರ? ಅಳತಿ ಭಾಳ ಛಲೋ ಕುಂತೈತ್ರಿ."

"ನಾನು" ಅಂದೆ.

ಅವನು ನಗಲಿಲ್ಲ. "ಹೆಂಗ್ ಮಾಡಿದ್ರಿ?" ಅಂದ.

ಅಯ್ಯೋ ದೇವರೇ, ಆ ಒಂದು ಮಾತು! ಅಷ್ಟು ತಿಂಗಳಲ್ಲಿ ಒಂದು ನರಪಿಳ್ಳೆಯೂ ಕೇಳದಿದ್ದ ಮಾತು. ಹೇಳುತ್ತಾ ಹೋದೆ. ಹೊಗೆ ಮುಖಕ್ಕೆ ಬಡಿದದ್ದು, ಕಾಗದದ ಕಟಿಂಗು, ನಾಲ್ಕು ಬೆರಳಿನ ಜಾಗ, ಒಂದಕ್ಕೆ ಬದಲು ಎರಡು ಫ್ಯಾನು ಯಾಕೆ, ಎಲ್ಲ. ಅವನು ನಡುನಡುವೆ ಪ್ರಶ್ನೆ ಕೇಳುತ್ತಿದ್ದ, ತಿಳಿದವನು ಕೇಳುವ ಪ್ರಶ್ನೆ. ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲ. "ಒಮ್ಮೆ ಚಾಲೂ ಮಾಡ್ರಲ್ಲ, ನೋಡೋಣು" ಅಂದ. ಅದು ಕುದಿಯುವುದನ್ನು ಇವನ ಎದುರು ನಾನು ನೋಡಬೇಕೆ? ನನ್ನ ಕೈಯಾರೆ ಮಾಡಿದ್ದನ್ನು ನಾನೇ ಕೆಟ್ಟದ್ದು ಅನ್ನಿಸಬೇಕೆ? ಮುಷ್ಟಿ ಬಿಚ್ಚಿ ಫ್ಯೂಸನ್ನು ಅದರ ಜಾಗಕ್ಕೆ ಒತ್ತಿ ಕೂರಿಸಿದೆ. ಹತ್ತಿ ಕೂತು ಸ್ಟಾರ್ಟ್ ಮಾಡಿದೆ.

ಬಿಸಿಲಲ್ಲಿ ನಿಂತಲ್ಲೇ ಅರ್ಧ ಗಂಟೆ ಎಂಜಿನ್ ಓಡಿತು. ಫ್ಯಾನುಗಳು ತಾವಾಗಿಯೇ ತಿರುಗಿದವು, ತಾವಾಗಿಯೇ ನಿಂತವು. ನನ್ನ ಗಂಡ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ದಾಖಲೆ ಪತ್ರಗಳನ್ನು ಬಿಡಿಸಿಟ್ಟರು. ಅವನು ಅವರ ಕಡೆ ತಿರುಗದೆ ನನ್ನನ್ನೇ ಕೇಳಿದ.

"ಖರೇ ಹೇಳ್ರಿ ಅಕ್ಕಾರ. ಗುಡ್ಡ ಏರುವಾಗ ಕುದೀತೈತೇನ್ರಿ?"

ಆಗಲೂ ಸಮಯವಿತ್ತು. ಒಂದು ಸುಳ್ಳು ಸಾಕಿತ್ತು.

"ಇಲ್ಲಪ್ಪಾ. ಜನ್ಮದಲ್ಲಿ ಕುದಿಯಲ್ಲ" ಅಂದೆ.

"ಆತ್ರಿ. ನಿಮ್ಮ ಮಾತಿನ ಮ್ಯಾಲೇ ತಗೊಳ್ಳಾಕತ್ತೀನ್ರಿ" ಅಂದು ನನಗೆ ಕೈ ಮುಗಿದ. ನಾನು ಎಂಜಿನ್ ಆಫ್ ಮಾಡಿ, ಕೀ ತೆಗೆದು, ಸೀಟಿನಿಂದ ಇಳಿದು ಅವನ ಕೈಗೆ ಕೊಟ್ಟೆ.