ರೇಣುಕಾಳ ಬಿ.ಎ. ಎಲ್ಲಿದೆ?

ಕುಷ್ಟಗಿಯಲ್ಲಿ ಬಸ್ಸು ಹತ್ತಿ ಕೊಪ್ಪಳದ ಕಡೆ ಹೊರಟರೆ, ಕಂಡಕ್ಟರು ಬಂದು ಟಿಕೀಟು ಕೇಳುವುದಕ್ಕಿಂತ ಮೊದಲೇ ಪಕ್ಕದ ಸೀಟಿನವರು ನಮ್ಮ ವಂಶಾವಳಿಯನ್ನು ಕೇಳಿ ಮುಗಿಸಿರುತ್ತಾರೆ. ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಂಬ ಪೀಠಿಕಾ ಪ್ರಕರಣಗಳೆಲ್ಲ ಸಾಂಗವಾಗಿ ನೆರವೇರಿದ ಮೇಲೆ ಬರುವ ಮುಖ್ಯ ಪ್ರಶ್ನೆ ಒಂದೇ: "ಏನ್ ಮಾಡ್ತಾರ್ರಿ?" ಇದಕ್ಕೆ ಒಂದೇ ಮಾತಿನ ಉತ್ತರವಿರಬೇಕೆಂಬುದು ನಮ್ಮ ಭಾಗದ ಅಲಿಖಿತ ಶಾಸನ. ಮಾಸ್ತರಿಕಿ, ವಕೀಲಿಕಿ, ಒಕ್ಕಲುತನ, ಅಂಗಡಿ ಇವುಗಳಲ್ಲಿ ಯಾವುದನ್ನಾದರೂ ಅಂದುಬಿಟ್ಟರೆ ಕೇಳಿದವರು ತೃಪ್ತರಾಗಿ ಅಡಿಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗುತ್ತಾರೆ. ಎರಡು ಮಾತು ಬೇಕಾಯಿತೆಂದರೆ ಮುಖದಲ್ಲಿ ಸಂಶಯ ಮೂಡುತ್ತದೆ. ಮೂರನೆಯ ವಾಕ್ಯಕ್ಕೆ ಗೊರಕೆ ಕೇಳಿಸುತ್ತದೆ. ನನ್ನ ತಂಗಿಯ ಮಗಳು ರೇಣುಕಾಳ ವಿಷಯದಲ್ಲಿ ನಾನು ಹೀಗೆ ಎಷ್ಟು ಜನರನ್ನು ಮಲಗಿಸಿದ್ದೇನೋ ಲೆಕ್ಕವಿಲ್ಲ. ಹೈಸ್ಕೂಲಿನಲ್ಲಿ ಆಯುಷ್ಯವಿಡೀ ಕನ್ನಡ ಪಾಠ ಹೇಳಿ ನಿವೃತ್ತರಾದವರಿಗೆ ಎದುರಿಗಿದ್ದವರನ್ನು ಮಲಗಿಸುವುದು ಹೊಸದೇನಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಬೇರೆ ಮಾತು.

ರೇಣುಕಾ ಓದಿದ್ದು ಪಿಯುಸಿ ಆದ ಕೂಡಲೇ ಸೇರುವ ಐದು ವರ್ಷದ ಕಾನೂನು ಪದವಿ, ಬಿ.ಎ.ಯನ್ನೂ ಎಲ್‌ಎಲ್.ಬಿ.ಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಬಡಿಸುವ ಸಂಯುಕ್ತ ವ್ಯವಸ್ಥೆ. ಯಲಬುರ್ಗಾದಲ್ಲಿ ಶೇಂಗಾ ವ್ಯಾಪಾರ ಮಾಡುವ ನನ್ನ ತಂಗಿಯ ಗಂಡ ಶರಣಪ್ಪನಿಗೆ ಈ ಏರ್ಪಾಡು ಮೊದಲ ನೋಟಕ್ಕೇ ಹಿಡಿಸಿಬಿಟ್ಟಿತ್ತು. "ನೋಡ್ರಿ ಮಾಸ್ತರ್ರ, ಬಿಡಿ ಬಿಡಿ ತಗೊಂಡ್ರ ಮೂರು ಮೂರು ಆರು ವರ್ಷ. ಜೋಡಿ ತಗೊಂಡ್ರ ಐದ. ಒಂದು ವರ್ಷ ಉಳೀತಲ್ಲ!" ಎಂದು ಅವನು ಸಗಟು ವ್ಯಾಪಾರದ ನ್ಯಾಯಶಾಸ್ತ್ರವನ್ನು ಬೋಧಿಸಿದಾಗ ನಾನೂ ಭಲೇ ಎಂದು ತಲೆಯಾಡಿಸಿದ್ದೆ. ಹಾಗೆ ಉಳಿಸಿದ ವರ್ಷವನ್ನು ಮುಂದೆ ಕಚೇರಿಗಳ ಕಟ್ಟೆಯ ಮೇಲೆ ಕುಳಿತು ಬಡ್ಡಿ ಸಮೇತ ಖರ್ಚು ಮಾಡಬೇಕಾದೀತೆಂಬ ದಿವ್ಯದೃಷ್ಟಿ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಪದವಿ ಮುಗಿಸಿದ ರೇಣುಕಾ ಕರಿಕೋಟು ತೊಟ್ಟು ಯಲಬುರ್ಗಾದ ಹಿರಿಯ ವಕೀಲರಾದ ವೀರಭದ್ರಪ್ಪನವರ ಕೈಕೆಳಗೆ ಸೇರಿದಳು. ಹುಡುಗಿ ಚುರುಕು, ಸಂಭಾವಿತಳು, ಕೆಲಸಗಳ್ಳಿಯಲ್ಲ. ಆದರೆ ವಕೀಲಿಕೆಗೆ ಮಾರಕವಾದ ಒಂದು ದೋಷ ಅವಳಲ್ಲಿ ಜನ್ಮಜಾತವಾಗಿತ್ತು: ಯಾವ ಸಂಗತಿಯನ್ನಾದರೂ ಅವಳು ಎದುರಿಗಿದ್ದವರಿಗೆ ತಿಳಿಯುವ ಹಾಗೆ ಹೇಳಿಬಿಡುತ್ತಿದ್ದಳು. ಬದುವಿನ ಮೇಲಿನ ಬೇವಿನ ಮರ ಯಾರದೆಂದು ಅಣ್ಣತಮ್ಮಂದಿರಿಬ್ಬರು ಮರಕ್ಕಿಂತ ಎತ್ತರವಾಗಿ ಬೆಳೆಸಿದ್ದ ವ್ಯಾಜ್ಯವೊಂದಿತ್ತು. ಅಣ್ಣ ವೀರಭದ್ರಪ್ಪನವರ ಕಕ್ಷಿದಾರ. ಒಂದು ಮಧ್ಯಾಹ್ನ ರೇಣುಕಾ ಕೋರ್ಟಿನ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬದು ಬರೆದು, ಮರ ಬರೆದು, ನೀನು ಗೆದ್ದರೆ ಏನು ಸಿಗುತ್ತದೆ, ತಮ್ಮ ಗೆದ್ದರೆ ಏನು ಸಿಗುತ್ತದೆ, ಯಾರೇ ಗೆದ್ದರೂ ನೆರಳು ಯಾರ ಹೊಲಕ್ಕೆ ಬೀಳುತ್ತದೆ ಎಂಬುದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದಳು. ಆತ ಧೋತರ ಕೊಡವಿ ಎದ್ದು, ಚಹಾದಂಗಡಿಯಲ್ಲಿ ಕುಳಿತಿದ್ದ ತಮ್ಮನ ಹತ್ತಿರ ಹೋಗಿ ಅದೇ ಚಿತ್ರವನ್ನು ಅಲ್ಲಿಯೂ ಬರೆದ. ಸಂಜೆ ಇಬ್ಬರೂ ಒಂದೇ ಮೋಟರ್ ಸೈಕಲ್ಲಿನ ಮೇಲೆ ಊರಿಗೆ ಹೋದರು.

ಇಂಥವು ನಾಲ್ಕಾರು ಆದ ಮೇಲೆ ವೀರಭದ್ರಪ್ಪನವರು ಅವಳನ್ನು ಕರೆದು ಕೂಡಿಸಿಕೊಂಡು ಅಂದರಂತೆ: "ತಂಗೀ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನೀ ಹೇಳಿದ್ರ ಎಲ್ಲಾರಿಗೂ ತಿಳೀತೈತಿ. ತಿಳಿದ್ರ ಕೇಸ್ ನಡಿಯಂಗಿಲ್ಲ. ನೀ ಸಾಲಿಗಿ ಹೋಗಿ ಪಾಠ ಹೇಳವ್ವಾ." ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿಟ್ಟಿದ್ದಾರೆ ನಿಜ; ಜಗಳವಿಲ್ಲದ ಊರಿನಲ್ಲಿ ವಕೀಲನಿಗೆ ಊಟವಿಲ್ಲ ಎಂಬ ಮೂರನೆಯ ಸಾಲನ್ನು ಅವರು ಯಾಕೆ ಬಿಟ್ಟರೋ ತಿಳಿಯದು. ರೇಣುಕಾ ಅತ್ತುಕೊಂಡು ಬರಬಹುದೆಂದು ನನ್ನ ತಂಗಿ ಹೆದರಿದ್ದಳು. ಅವಳೋ ಕೋಟು ಮಡಿಚಿ ಟ್ರಂಕಿನಲ್ಲಿಟ್ಟು, "ಮಾಮಾ, ನನಗೂ ಅದ ಬೇಕಾಗಿತ್ತು" ಎಂದು ನಕ್ಕಳು.

ಗಂಗಾವತಿಯಲ್ಲಿ ಬಿ.ಎಡ್. ಮಾಡಿದಳು. ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾದಳು. ಕುಕನೂರಿನ ಹತ್ತಿರದ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಜನವಿಲ್ಲದೆ ಮುಖ್ಯ ಗುರುಗಳು ಕಂಗಾಲಾಗಿದ್ದರು; ಇವಳು ಹೋದ ದಿನವೇ ಅತಿಥಿ ಶಿಕ್ಷಕಿಯಾಗಿ ಪಾಠ ಶುರು. ಅತಿಥಿ ಎಂದರೆ ಗೌರವ ಹೆಚ್ಚು, ಗೌರವಧನ ಕಡಿಮೆ, ಮತ್ತು ಎಲ್ಲ ಅತಿಥಿಗಳ ಹಾಗೆ ಒಂದು ದಿನ ಎದ್ದು ಹೋಗಬೇಕಾದವರು. ಆ ಜಾಗಕ್ಕೆ ಕಾಯಂ ಶಿಕ್ಷಕರು ಬಂದ ದಿನ ಅತಿಥಿಗಳು ಚಾಕ್‌ಪೀಸು ಕೆಳಗಿಡಬೇಕು. ಅಲ್ಲಿಯವರೆಗೆ ಅವಳ ಬಿ.ಎ. ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಪಾಠ ಮಾಡುವುದಕ್ಕೆ ಬೇಡವಾದ ಬಿ.ಎ. ಪಗಾರಕ್ಕೆ ಬೇಕಾಗುತ್ತದೆಂಬುದು ನಮಗೆ ಗೊತ್ತಾದದ್ದು ಆಮೇಲೆ.

ಆರರಿಂದ ಎಂಟನೆಯ ತರಗತಿಯವರೆಗಿನ ಕಾಯಂ ಹುದ್ದೆಗಳಿಗೆ ಅರ್ಜಿ ಕರೆದರು. ಕುಕನೂರಿನ ಕಡೆಯ ಆ ಹಳ್ಳಿಯ ಹುದ್ದೆಯೂ ತುಂಬುವುದರಲ್ಲಿತ್ತು. ಅಂದರೆ ರೇಣುಕಾ ಆಯ್ಕೆಯಾದರೆ ಕಾಯಂ. ಆಗದಿದ್ದರೆ ಬೇರೆ ಯಾರೋ ಬಂದು ಇದ್ದ ಪಾಠವೂ ಹೋಗುತ್ತದೆ. ಇಂಥ ಸಂಕಟದ ಹೊತ್ತಿಗೆ ಯಾವನೋ ಪುಣ್ಯಾತ್ಮ ಒಂದು ಸಂದೇಹವನ್ನು ತೇಲಿಬಿಟ್ಟ: ಇತಿಹಾಸ, ರಾಜ್ಯಶಾಸ್ತ್ರ ಓದಿದ ಪದವೀಧರರು ಬೇಕು ಎಂದಿದೆ, ಐದು ವರ್ಷದ ವಕೀಲಿ ಪದವಿ ಅದಕ್ಕೆ ನಡೆಯುತ್ತದೆಯೇ?

ಈ ಧರ್ಮಸೂಕ್ಷ್ಮವನ್ನು ಬಗೆಹರಿಸಲು ನಾನು ಸೊಂಟಕ್ಕೆ ಟವೆಲು ಕಟ್ಟಿ ನಿಂತೆ. ನಿವೃತ್ತನಿಗೆ ಊರ ಉಸಾಬರಿಗಿಂತ ರುಚಿಯಾದದ್ದು ಇನ್ನೇನಿದೆ ಹೇಳಿ? ಗಂಗಾವತಿಯ ಸ್ನೇಹಿತರೊಬ್ಬರು ಫೋನಿನಲ್ಲಿ "ಧಾರಾಳ ನಡೀತೈತಿ" ಎಂದರು. ಅವರು ನೀರಾವರಿಯ ಕಡೆಯವರು, ಎಲ್ಲದರಲ್ಲೂ ಧಾರಾಳ. ಕುಷ್ಟಗಿಯ ಹಳೆಯ ಸಹೋದ್ಯೋಗಿಗಳು ಕಟ್ಟೆಯ ಮೇಲೆ ಕುಳಿತು "ನಡಿಯಂಗಿಲ್ಲ ಬಿಡ್ರಿ" ಎಂದು ಒಮ್ಮತದಿಂದ ತೀರ್ಪು ಕೊಟ್ಟರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ತಾಲೂಕಿನ ಸರ್ವೋಚ್ಚ ಪೀಠವಾದ ಝೆರಾಕ್ಸ್ ಅಂಗಡಿಗೆ ಹೋದೆ. ಎಲ್ಲ ನೇಮಕಾತಿಗಳ ಎಲ್ಲ ಅರ್ಜಿಗಳನ್ನೂ ತುಂಬಿ ಕೈ ಪಳಗಿದ ಮೈಬೂಬ ಕಣ್ಣನ್ನು ಕಂಪ್ಯೂಟರಿನಿಂದ ತೆಗೆಯದೆಯೇ, "ಇದು ಅರ್ಜಿ ತಗೊಂಡೈತ್ರಿ ಸರ. ತಗೊಂಡೈತಿ ಅಂದ್ರ ತಗೊಂತೈತಿ" ಎಂದ. ಯಾವ ಉಪನಿಷತ್ತಿನಲ್ಲಿಯೂ ಇಷ್ಟು ಸಾಂತ್ವನ ನನಗೆ ಸಿಕ್ಕಿರಲಿಲ್ಲ.

ಆಯ್ಕೆ ಪರೀಕ್ಷೆ ಮುಗಿದು ದಾಖಲೆ ತಪಾಸಣೆಯ ದಿನ ಬಂದಾಗ ಮಾವ ಸೊಸೆ ಇಬ್ಬರೂ ಕೊಪ್ಪಳಕ್ಕೆ ಹೋದೆವು. 1997ರಲ್ಲಿ ನಮ್ಮದು ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಮ್ಮ ಕಡೆಯವರು 'ಇಲ್ಲ' ಅನ್ನಿಸಿಕೊಳ್ಳುವುದಕ್ಕೂ ರೊಟ್ಟಿಬುತ್ತಿ ಕಟ್ಟಿಕೊಂಡು ರಾಯಚೂರಿಗೆ ಹೋಗಬೇಕಾಗಿತ್ತು. ಈಗ ಕೊಪ್ಪಳದಲ್ಲಿ 'ಇಲ್ಲ' ಅನ್ನಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು. ಇದನ್ನೇ ಅಧಿಕಾರದ ವಿಕೇಂದ್ರೀಕರಣ ಎನ್ನುತ್ತಾರೆಂದು ನನ್ನ ಭಾವನೆ.

ತಪಾಸಣೆಯ ಮೇಜಿನ ಹಿಂದೆ ಕುಳಿತಿದ್ದ ಸಾಹೇಬರು ಒಳ್ಳೆಯವರೇ. ಬೆಳಗಿನಿಂದ ಅಂಕಪಟ್ಟಿ ನೋಡಿ ನೋಡಿ ಕಣ್ಣು ಕೆಂಪಾಗಿದ್ದವು. ರೇಣುಕಾಳ ಕಡತವನ್ನು ಹಿಂದೆ ಮುಂದೆ ತಿರುವಿ, "ಎಲ್‌ಎಲ್.ಬಿ. ಕಾಣಾಕತ್ತೈತವ್ವಾ. ಬಿ.ಎ. ಎಲ್ಲೈತಿ?" ಎಂದರು.

"ಅದರೊಳಗ ಐತ್ರಿ ಸರ್."

"ಒಳಗ ಇದ್ರ ಹೊರಗ ತಗದು ತೋರಿಸು."

ಇಲ್ಲಿ ನಾನು ಬಾಯಿ ಹಾಕಿದೆ. ಉಪಮಾಲಂಕಾರವನ್ನು ಒಂದು ತಲೆಮಾರಿಗೆ ಕಲಿಸಿದವನು ಸುಮ್ಮನಿರುವುದು ಹೇಗೆ? "ಸಾಹೇಬ್ರ, ಮಿರ್ಚಿ ಭಜಿಯೊಳಗ ಮೆಣಸಿನಕಾಯಿ ಇರ್ತೈತೋ ಇಲ್ಲೋ? ಹಿಟ್ಟು ಮುಚ್ಚಿಕೊಂಡೈತಿ ಅಂತ ಕಾಯಿ ಇಲ್ಲ ಅನ್ನಾಕ ಬರ್ತೈತೇನ್ರಿ?"

ಸಾಹೇಬರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. "ಇರ್ತೈತ್ರಿ ಮಾಸ್ತರ. ಆದ್ರ ಸಂತ್ಯಾಗ ಒಂದ ಸೇರು ಮೆಣಸಿನಕಾಯಿ ಹಾಕಪಾ ಅಂದ್ರ, ಯಾರೂ ಮಿರ್ಚಿ ಭಜಿ ತೂಗಿ ಕೊಡಂಗಿಲ್ಲ." ಸರದಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಅಲಂಕಾರಶಾಸ್ತ್ರ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಜಿಲ್ಲಾ ಕೋರ್ಟಿನ ಕೆಲಸಕ್ಕೆಂದು ಕೊಪ್ಪಳಕ್ಕೆ ಬಂದಿದ್ದ ವೀರಭದ್ರಪ್ಪನವರು ಸುದ್ದಿ ತಿಳಿದು ಕರಿಕೋಟಿನಲ್ಲೇ ಒಳಗೆ ಬಂದರು. ಕೋಟನ್ನು ಕಂಡು ಸಾಹೇಬರು ನೆಟ್ಟಗೆ ಕುಳಿತರು. "ಈ ಹುಡುಗಿ ವಕೀಲಿ ಓದ್ಯಾಳ, ವಕೀಲಿ ಅದಾಳ ಅಂತ ನಿಮ್ಮ ತಕರಾರು, ಹೌದಲ್ರಿ?" ಎಂದು ವೀರಭದ್ರಪ್ಪನವರು ಮೇಜಿಗೆ ಕೈಯೂರಿದರು. "ನಾ ಆಣಿ ಮಾಡಿ ಹೇಳ್ತೀನಿ. ಇಕಿ ವಕೀಲಿ ಅಲ್ಲ. ಇಕಿ ಇದ್ದಷ್ಟು ದಿನ ನನ್ನ ಕಕ್ಷಿದಾರರು ರಾಜಿ ಆಗಿ ಮನಿಗಿ ಹೋಗ್ಯಾರ. ನನ್ನ ಆಫೀಸಿನ ಅರ್ಧ ಬೆಂಚು ಖಾಲಿ ಮಾಡ್ಯಾಳ. ಇಂಥಾಕಿಗಿ ವಕೀಲಿ ಅಂದ್ರ ನಮ್ಮ ವೃತ್ತಿಗಿ ಅವಮಾನ ಆಕ್ಕೈತ್ರಿ!" ಇಷ್ಟು ತೀವ್ರವಾದ ನಿಂದೆ ಇಷ್ಟು ಪ್ರೀತಿಯಿಂದ ಹೊರಟದ್ದನ್ನು ನಾನು ಎಲ್ಲಿಯೂ ಕೇಳಿಲ್ಲ. ಸಾಹೇಬರ ಮುಖ ಸ್ವಲ್ಪ ಸಡಿಲಾಯಿತು, ಇನ್ನೇನು ಕೆಲಸವಾಯಿತು ಎಂದುಕೊಂಡೆ.

ಆಗ ರೇಣುಕಾ ಬಾಯಿ ತೆರೆದಳು. "ಸರ್, ನಾ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದೀನ್ರಿ. ಪದವೀನೂ ಆಗೈತಿ. ಆ ವಿಷಯ ಓದಿದ ಪದವೀಧರರು ಅಂದ್ರ ನಾ ಬರ್ತೀನಿ. ಆದ್ರ ಕಡೀ ವರ್ಷಗಳಾಗ ಬರೇ ಕಾನೂನ ಐತ್ರಿ. ಎಲ್ಲಾ ವರ್ಷನೂ ಆ ವಿಷಯ ಇರಬೇಕು ಅಂತ ನೀವು ತಿಳ್ಕೊಂಡ್ರ, ನಾ ಬರಂಗಿಲ್ರಿ. ಎರಡೂ ಅರ್ಥಕ್ಕ ಜಾಗಾ ಐತಿ."

ಅಯ್ಯೋ ಶಿವನೇ! ನನಗೆ ಅವಳ ಬಾಯಿಯ ಮೇಲೆ ಕೈಯಿಡಬೇಕೆನ್ನಿಸಿತು. ಕೈಗೆ ಬಂದ ತುತ್ತನ್ನು ತಾನೇ ತಟ್ಟೆಗೆ ವಾಪಸು ಹಾಕಿ ತಟ್ಟೆಯನ್ನು ಎದುರಿನವರ ಕಡೆ ಸರಿಸುವವಳಿಗೆ ಏನನ್ನಬೇಕು? ವೀರಭದ್ರಪ್ಪನವರು ಮಾತ್ರ ಹಣೆ ಬಡಿದುಕೊಂಡು, "ನೋಡಿದ್ರೇನ್ರಿ? ಇದನ್ನ ನಾ ಹೇಳಿದ್ದು" ಎಂದರು.

ಸಾಹೇಬರು ಕಡತವನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ತಂಗೀ, ತಿಳಿಲಾರದಾಗ 'ಇಲ್ಲ' ಅನ್ನೋದು ಹಗುರ ಇತ್ತು. ಈಗ ನೀ ತಿಳಿಸಿಬಿಟ್ಟೀ. ನನಗ ತ್ರಾಸ ಆತು" ಎಂದರು. ಇವಳ ಹೆಸರನ್ನು ತಳ್ಳಿಹಾಕದೆ, ಸ್ಪಷ್ಟೀಕರಣ ಕೋರಿ ಮೇಲಿನವರಿಗೆ ಬರೆದು ಹಾಕಿದರು.

ಮೇಲಿನವರು ಇನ್ನೂ ಮೇಲಿನವರನ್ನು ಕೇಳಿದರು. ಆ ತಿಂಗಳುಗಳಲ್ಲಿ ನನ್ನ ತಂಗಿ ಹರಕೆ ಹೊರದ ದೇವರಿಲ್ಲ. ಶರಣಪ್ಪ ಸಗಟು ವ್ಯಾಪಾರದ ಮಾತನ್ನೇ ಬಿಟ್ಟ. ರೇಣುಕಾ ಮಾತ್ರ ದಿನಾ ಬಸ್ಸು ಹಿಡಿದು ಹಳ್ಳಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದಳು. ಒಮ್ಮೆ ನಾನೂ ಜೊತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಬೇರೆಯವರ ಹೊಲದಲ್ಲಿ ಕಾಲಿಡುವ ಹಕ್ಕು ಯಾರಿಗೆ, ಸರಕಾರಕ್ಕೂ ಆ ಹಕ್ಕು ಯಾವಾಗ ಇರುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಹುಡುಗರು ಜಗಳಕ್ಕೇ ಬಿದ್ದವರ ಹಾಗೆ ಎದ್ದೆದ್ದು ಕೇಳುತ್ತಿದ್ದರು. ಒಬ್ಬನೂ ಮಲಗಿರಲಿಲ್ಲ. ನನಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಇಂಥವಳು ಕಲಿಸಬಲ್ಲಳೇ ಎಂಬುದನ್ನು ಈ ಕೋಣೆಯೊಂದನ್ನು ಬಿಟ್ಟು ಊರೂರಿನಲ್ಲಿ ವಿಚಾರಿಸುತ್ತಿದ್ದೇವಲ್ಲ ಎಂದು ಸಿಟ್ಟೂ ಬಂತು.

ಕೊನೆಗೊಮ್ಮೆ ಅಂತಿಮ ಪಟ್ಟಿ ಬಂತು. ಮೈಬೂಬ ಅಂಗಡಿ ಬಿಟ್ಟು ಓಡಿಬಂದು "ತಗೊಂಡೈತ್ರಿ ಸರ!" ಎಂದು ಕೂಗಿದ. ಶಾಲೆ ಆರಿಸಿಕೊಳ್ಳುವ ದಿನ ರೇಣುಕಾ ಬೇರೆ ಯಾವುದನ್ನೂ ನೋಡದೆ ಅದೇ ಹಳ್ಳಿಯನ್ನು ಕೇಳಿ ಪಡೆದಳು.

ಆದರೆ ಆ ಹಳ್ಳಿಗೆ ಸುದ್ದಿ ಅರ್ಧವಷ್ಟೇ ಮುಟ್ಟಿತ್ತು. ಕಾಯಂ ಶಿಕ್ಷಕರು ನಾಳೆ ಬರುತ್ತಾರೆ, ಅತಿಥಿ ಶಿಕ್ಷಕಿಯನ್ನು ಬಿಡುಗಡೆ ಮಾಡಿ ಎಂಬಷ್ಟೇ ಫೋನು ಬಂದಿತ್ತು. ಮರುದಿನ ಪೇಢೆಯ ಡಬ್ಬಿ ಹಿಡಿದು ನಾನೂ ಅವಳೊಂದಿಗೆ ಹೋದಾಗ, ಮುಖ್ಯ ಗುರುಗಳು ಆದೇಶವನ್ನು ಎರಡು ಸಲ ಓದಿ, ನಕ್ಕು, ಕಣ್ಣೊರೆಸಿಕೊಂಡು, ಒಂದು ಕಡೆ ಅತಿಥಿ ಶಿಕ್ಷಕಿ ರೇಣುಕಾಳನ್ನು ಬಿಡುಗಡೆ ಮಾಡಿದ್ದಕ್ಕೂ ಇನ್ನೊಂದು ಕಡೆ ಕಾಯಂ ಶಿಕ್ಷಕಿ ರೇಣುಕಾಳನ್ನು ಹಾಜರು ಮಾಡಿಕೊಂಡಿದ್ದಕ್ಕೂ ಅವಳಿಂದಲೇ ಸಹಿ ಹಾಕಿಸಿಕೊಂಡರು. ಹೋದವಳೂ ಅವಳೇ, ಬಂದವಳೂ ಅವಳೇ. ನಡುವೆ ಪೆನ್ನಿನ ಮುಚ್ಚಳ ಹಾಕುವಷ್ಟೂ ಪುರುಸೊತ್ತಿರಲಿಲ್ಲ.

ತರಗತಿಯಲ್ಲಿ ದೃಶ್ಯವೇ ಬೇರೆ. ಹೊಸಬರೊಂದಿಗೆ ಮಾತಾಡಬಾರದೆಂದು ಹುಡುಗರು ಪಣ ತೊಟ್ಟು, ಪಾಟೀಚೀಲಗಳನ್ನು ಎದೆಗಪ್ಪಿಕೊಂಡು, ಮುಖ ಗಂಟು ಹಾಕಿ ಕುಳಿತಿದ್ದರು. ಇವಳು ಒಳಗೆ ಕಾಲಿಟ್ಟ ಕೂಡಲೇ ಅರ್ಧ ಜನ ಹೋ ಎಂದು ಕುಣಿದರು. ಏಳನೆಯ ತರಗತಿಯ ನೀಲವ್ವ ಎಂಬ ಹುಡುಗಿ ಮಾತ್ರ ಕೈಯೆತ್ತಿ ನಿಂತಳು. ಪ್ರಶ್ನೆ ಕೇಳುವಾಗ ಕೈಯೆತ್ತಬೇಕೆಂದು ಕಲಿಸಿದವಳು ರೇಣುಕಾಳೇ. ನಮ್ಮ ಕಡೆ ಮಕ್ಕಳಿಗೆ ಶಿಕ್ಷಕಿಯೆಂದರೆ 'ಅಕ್ಕಾರು'.

"ಅಕ್ಕಾರ, ಹೊಸಾ ಅಕ್ಕಾರು ಎಲ್ಲ್ಯದಾರ್ರಿ?"

"ನಾನ ಹೊಸಾ ಅಕ್ಕಾರು."

"ಮತ್ತ ನಮ್ಮ ಹಳೇ ಅಕ್ಕಾರು?"

"ಅಕಿನೂ ನಾನ."

ನೀಲವ್ವ ಇದನ್ನು ಮನಸ್ಸಿನಲ್ಲಿ ಕೂಡಿಸಿ ಕಳೆದು ನೋಡಿದಳು. "ಹಂಗಾರ ಇಷ್ಟ ದಿನ ನೀವು ಖರೇ ಅಕ್ಕಾರು ಇದ್ದಿದ್ದಿಲ್ಲೇನ್ರಿ?"

ಕಕ್ಷಿದಾರರಿಗೆ ಬದು ತಿಳಿಸಿದವಳು, ಸಾಹೇಬರಿಗೆ ನಿಯಮ ತಿಳಿಸಿದವಳು, ಚಾಕ್‌ಪೀಸು ಎತ್ತಿಕೊಂಡಳು, ಕೆಳಗಿಟ್ಟಳು. ಮುಖ್ಯ ಗುರುಗಳ ಕಡೆ ನೋಡಿದಳು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಕಡೆ ನೋಡಿದಳು. ನಾನು ಪೇಢೆ ಎಣಿಸತೊಡಗಿದೆ. ಕೊನೆಗೆ ಕರಿಹಲಗೆಯ ಕಡೆ ತಿರುಗಿ, "ಪುಸ್ತಕಾ ತಗೀರಿ" ಎಂದಳು.

ಎಲ್ಲರೂ ಪುಸ್ತಕ ತೆಗೆದರು. ನೀಲವ್ವ ಎತ್ತಿದ ಕೈ ಇಳಿಸಲಿಲ್ಲ.