ಪಿಟೀಲಿಗೆ ಎಣ್ಣೆ ಹಾಕಿದ ಪ್ರಕರಣ

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ಚಿಕ್ಕೋಡಿ ಕಡೆಯ ಬಸ್ ಡಿಪೋವೊಂದರಲ್ಲಿ ಬ್ರೇಕ್ ವಿಭಾಗದ ಫೋರಮನ್ ಆಗಿದ್ದೆ. ಮನೆ ಅಂಕಲಿಯಲ್ಲಿ. ಆದರೆ ನನ್ನ ಸೇವಾವಧಿಯ ಅತಿ ಕಠಿಣ ರಿಪೇರಿ ಯಾವ ಬಸ್ಸಿನದೂ ಅಲ್ಲ, ಒಂದು ಪಿಟೀಲಿನದು.

ನನ್ನ ಹೆಂಡತಿ ಶಾಂತಾ ಓಣಿಯ ಹೆಂಗಸರ ಭಜನಾ ಮಂಡಳಿಯ ಮುಖ್ಯ ಗಾಯಕಿ. ಹಾರ್ಮೋನಿಯಂ ನುಡಿಸುತ್ತಿದ್ದ ಅಜ್ಜಿ ಮಗಳ ಊರಿಗೆ ಹೋದ ಮೇಲೆ ಮಂಡಳಿಯ ಶ್ರುತಿ, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಿಟ್ಟ ಗಾಡಿಯಂತೆ, ತಾನಾಗಿಯೇ ಕೆಳಗೆ ಸರಿಯತೊಡಗಿತ್ತು. ನಾನು ನಿಪ್ಪಾಣಿಯಲ್ಲಿ ಬ್ಯಾಂಡ್ ಕಂಪನಿ ಬಿಟ್ಟವರೊಬ್ಬರ ಮನೆಯಿಂದ ಹಳೆಯ ಪಿಟೀಲು ತಂದೆ. ಹತ್ತಿರದಲ್ಲಿ ಗುರುಗಳಿರಲಿಲ್ಲ, ಮೊಬೈಲ್ ವಿಡಿಯೋ ನೋಡಿ ಕಲಿಯುವುದಾಗಿ ಘೋಷಿಸಿದೆ.

"ಕಲೀರಿ," ಎಂದಳು ಶಾಂತಾ. "ಆಷಾಢ ಏಕಾದಶಿಗೆ ನನ್ನ ಒಂದ ಪದಕ್ಕ ಸಾಥ್ ಕೊಡ್ರಿ. ಆಗಲಿಲ್ಲಂದ್ರ ತಂದಲ್ಲೇ ವಾಪಸ್ ಕೊಟ್ಟು ಬರ್ರಿ."

ಮೊದಲ ಪಾಠ 'ವಾದ್ಯದ ಪರಿಚಯ'. ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ನಾಲ್ಕು ತಂತಿಯ ಪರಿಚಯವೇಕೆ ಎಂದು ಅದನ್ನು ದಾಟಿ ನೇರವಾಗಿ ಎರಡನೆಯ ಪಾಠಕ್ಕೆ ಹೋದೆ. ಕಮಾನು ಎಳೆದ ಕೂಡಲೇ ಹೊರಟ ಕೀರಲಿಗೆ ಪಕ್ಕದ ಮನೆಯ ಬಾಳಪ್ಪ ಗೋಡೆಯ ಮೇಲಿಂದ ಇಣುಕಿದ.

"ಸಾಹೇಬ್ರ, ಡಿಪೋದಾಗಿನ ಬ್ರೇಕ್ ಮನೀಗೇ ತಂದೀರೇನ್ರಿ?"

ಕೀರಿದ್ದಕ್ಕೆ ಎಣ್ಣೆ ಹಾಕುವುದು ನಮ್ಮ ವರ್ಕ್‌ಶಾಪಿನ ಧರ್ಮ. ಕಮಾನಿನ ಕುದುರೆಗೂದಲಿಗೆ ಹೊಲಿಗೆ ಮಷಿನ್ನಿನ ಎಣ್ಣೆಯನ್ನು ಭಕ್ತಿಯಿಂದ ಸವರಿದೆ. ಕೀರಲು ನಿಂತಿತು. ಅದರೊಂದಿಗೆ ಸಂಗೀತವೂ ನಿಂತಿತು. ಎಷ್ಟು ಎಳೆದರೂ ಕಮಾನು ತಂತಿಯ ಮೇಲೆ ಮೌನವಾಗಿ ಜಾರುತ್ತಿತ್ತು.

"ಈಗ ಚಲೋ ನುಡಸಾಕತ್ತೀರಿ ನೋಡ್ರಿ," ಎಂದ ಬಾಳಪ್ಪ.

ಏಕಾದಶಿ ಹತ್ತಿರವಾಗುತ್ತಿತ್ತು. ಶಾಂತಾ ಪಿಟೀಲಿನ ಪೆಟ್ಟಿಗೆಯ ಧೂಳು ಒರೆಸಿ ಬಾಗಿಲ ಬಳಿ ಇಟ್ಟಳು. ಅಷ್ಟು ಸಾಕಿತ್ತು.

ಆ ವಾರ ಜೋಳ ಬೀಸಿಸಲು ಗಿರಣಿಗೆ ಹೋದೆ. ಬೆಲ್ಟ್ ಜಾರಿ ಕಲ್ಲು ತಿರುಗುತ್ತಿರಲಿಲ್ಲ. ಗಿರಣಿಯವರು ಬೆಲ್ಟಿಗೆ ರಾಳದ ತುಂಡು ಉಜ್ಜಿದರು; ಕಲ್ಲು ಗರಗರ ತಿರುಗಿತು. ಆಗ ಮೂಗಿಗೆ ಬಡಿದ ವಾಸನೆ ನನಗೆ ಪರಿಚಿತ. ಪಿಟೀಲಿನ ಪೆಟ್ಟಿಗೆಯಲ್ಲಿದ್ದ ಕಂದು ತುಂಡನ್ನು ಶಾಂತಾ ಧೂಪವೆಂದು ತಿಳಿದು ದೇವರ ಮುಂದೆ ಕೆಂಡಕ್ಕೆ ಹಾಕಿದಾಗ ಮನೆ ತುಂಬ ಹರಡಿದ್ದು ಇದೇ ವಾಸನೆ! ಅಂದರೆ ಅದು ಧೂಪವಲ್ಲ, ಕಮಾನಿಗೆ ಉಜ್ಜಬೇಕಿದ್ದ ರಾಳ.

ಬ್ರೇಕ್ ಲೈನರಿಗೆ ಎಣ್ಣೆ ತಾಗಿದರೆ ಬಸ್ಸು ನಿಲ್ಲದು ಎಂದು ವರ್ಷಗಟ್ಟಲೆ ಹುಡುಗರನ್ನು ಬೈದವನು ನಾನು. ಗಿರಣಿಯವರಿಂದ ಚೂರು ರಾಳ ಬೇಡಿ ತಂದೆ. ಕಮಾನಿನ ಕೂದಲಿಗೆ ಹತ್ತಿದ್ದ ಎಣ್ಣೆಯನ್ನು ಸ್ಪಿರಿಟ್‌ನಿಂದ ಮತ್ತೆ ಮತ್ತೆ ಒರೆಸಿ, ಒಣಗಿಸಿ, ರಾಳ ಉಜ್ಜಿದೆ. ಕೀರಲು ಮರಳಿ ಬಂತು. ಅಷ್ಟು ಸಂತೋಷದಿಂದ ಯಾವ ಕೀರಲನ್ನೂ ನಾನು ಸ್ವಾಗತಿಸಿರಲಿಲ್ಲ. ತೆಪ್ಪಗೆ ಮೊದಲ ಪಾಠ ನೋಡಿದೆ. ರಾಳದ ವಿಷಯ ಆರಂಭದಲ್ಲೇ ಇತ್ತು. ಆಮೇಲೆ ಪ್ರತಿದಿನ ಡ್ಯೂಟಿ ಮುಗಿಸಿ ಬಂದು, ಬಾಳಪ್ಪನ ಟೀಕೆಗಳ ನಡುವೆಯೇ ಆ ಒಂದೇ ಪದವನ್ನು ಉಜ್ಜಿದೆ.

ಏಕಾದಶಿಯಂದು ಎಲ್ಲ ಸ್ವರಗಳೂ ಸಿಕ್ಕವೆಂದರೆ ಸುಳ್ಳಾದೀತು. ಆದರೆ ಮೂಲ ಸ್ವರವನ್ನು ಬಿಡದೆ ಹಿಡಿದೆ. ಮಂಡಳಿ ಎರಡು ಸಲ ಇಳಿಜಾರಿಗೆ ಸರಿಯಿತು. ಎರಡೂ ಸಲ ಶಾಂತಾ ನನ್ನ ಕಮಾನಿನ ಕಡೆ ನೋಡಿ ಎಲ್ಲರನ್ನೂ ಮೇಲೆ ಎಳೆದು ತಂದಳು. ಪದ ಮುಗಿಯಿತು. ನಾನು ಪಿಟೀಲನ್ನು ಪೆಟ್ಟಿಗೆಯಲ್ಲಿಡಲು ಹೋದೆ.

"ಯಾಕ್ರಿ, ಅವಸರೇನೈತಿ?" ಎಂದಳು ಶಾಂತಾ. "ಇನ್ನೊಂದ್ ಪದಾ ಹಿಡೀತೀನಿ, ಕುಂದರ್ರಿ."

ಘರ್ಷಣೆಯೆಲ್ಲ ದೋಷವಲ್ಲ, ಕೆಲವು ಕೆಲಸ ನಡೆಯುವುದೇ ಅದರಿಂದ ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಅದನ್ನೂ ನಾನು ದಾಟಿಯೇ ಮುಂದೆ ಹೋಗಿದ್ದೆನೇನೋ. ಈಗ ನಿವೃತ್ತ. ಪಿಟೀಲು ಪಡಸಾಲೆಯಲ್ಲಿದೆ, ಎಣ್ಣೆಯ ಡಬ್ಬಿ ಹಿತ್ತಲಲ್ಲಿ, ಬೀಗದೊಳಗೆ. ಬೀಗದ ಕೈ ಶಾಂತಾಳ ಬಳಿ.