ಅಕ್ಕನ ಕೈ ಅಳತೆಗೆ ಲಾಡ್ ಬಜಾರು

ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗದಗಿನಿಂದ ರೈಲಿನಲ್ಲಿ ಬಂದಿದ್ದೆವು, ನಾನು ಮತ್ತು ನನ್ನ ಅಕ್ಕ, ಗಂಗಕ್ಕ. ಇಬ್ಬರಿಗೂ ಹೈದರಾಬಾದ್ ಹೊಸದು. ನನ್ನ ಮಗಳು ಪಲ್ಲವಿ ಅಲ್ಲಿ ಮಾಧಾಪುರದ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಮುಂದಿನ ತಿಂಗಳು ಅವಳ ಮದುವೆ. ಮದುವೆಗೆ ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನ ಅರಗಿನ ಬಳೆಯೇ ಆಗಬೇಕೆಂದು ನಾನು ಹಟ ಹಿಡಿದಿದ್ದೆ. ಬಳೆ ಬರೀ ನೆಪ, ಊರು ನೋಡುವ ಚಪಲ ನನ್ನದು.

ಆದರೆ ಮದುಮಗಳಿಗೇ ಪುರುಸೊತ್ತಿಲ್ಲ. "ಶನಿವಾರನೂ ಆಫೀಸ್ ಐತವ್ವಾ, ಸಾಫ್ಟ್‌ವೇರ್ ರಿಲೀಸ್ ಐತಿ. ಸಂಜಿ ಊಟಕ್ಕ ಸಿಗ್ತೀನಿ" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಏನು ರಿಲೀಸೋ! ಮೈ ಉರಿದುಹೋಯಿತು. ಬಳೆಗೆ ಅಳತೆ ಬೇಡವೇ? ನಮ್ಮೂರಲ್ಲಿ ಬಳೆಗಾರ್ತಿ ಕೈ ನೋಡಿಯೇ ಬಳೆ ಆರಿಸುತ್ತಾಳೆ. ಬಳೆಗೂ ನಂಬರ್ ಇರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಪಲ್ಲವಿಯ ಕೈ ಥೇಟ್ ಅವಳ ದೊಡ್ಡವ್ವನ ಕೈ. ಅದಕ್ಕೇ ಅಕ್ಕನನ್ನು ಅಳತೆಗೆಂದು ಹೊರಡಿಸಿದ್ದೆ. ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವಳು ಅವಳು. ಅಂದಿನಿಂದ ಕೈ ಬೋಳು. ದಾರ ಸುತ್ತಿ ಅಳೆದುಕೊಳ್ಳುತ್ತಾರೆ ಬಿಡು ಎಂದು ಅವಳಿಗೆ ಧೈರ್ಯ ಹೇಳಿದ್ದೆ. ಭಾರಿ ಶಾಣ್ಯಾಕಿ ನಾನು!

ಆಟೋದವನೊಂದಿಗೆ ನನ್ನ ಹರಕು ಹಿಂದಿಯಲ್ಲಿ ಜಗಳಾಡಿ ಚಾರ್‌ಮಿನಾರ್ ಮುಟ್ಟಿದೆವು. ಮೊದಲು ಇರಾನಿ ಹೋಟೆಲಿನ ಚಹಾ. ಕೆನೆಗಟ್ಟಿದ ಮಂದ ಚಹಾದ ಜೊತೆ ಕೇಳದೆಯೇ ಒಂದು ತಾಟು ಬಿಸ್ಕತ್ತು, ಸಣ್ಣ ಸಮೋಸ ತಂದಿಟ್ಟರು. ಬಡಿಸಿದ್ದನ್ನು ಬಿಟ್ಟು ಏಳುವುದು ನಮ್ಮ ಮನೆತನದಲ್ಲೇ ಇಲ್ಲ. ಇಬ್ಬರೂ ಕಷ್ಟಪಟ್ಟು ಖಾಲಿ ಮಾಡಿದೆವು. ವೇಟರ್ ಇನ್ನೊಂದು ತಾಟು ತಂದಿಟ್ಟ. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಮತ್ತೆ ಶುರು ಮಾಡಿದೆವು.

ಪಕ್ಕದ ಮೇಜಿನಲ್ಲಿ ಯಾದಗಿರಿ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬ ಚಹಾ ಕುಡಿಯುತ್ತಿದ್ದ. ನಮ್ಮ ಮಾತು ಕೇಳಿ ನಗು ತಡೆಯಲಾರದೆ ಹೇಳಿದ, "ಅಕ್ಕಾರ, ತಿಂದಷ್ಟಕ್ಕ ರೊಕ್ಕ, ಉಳದದ್ದು ವಾಪಸ್ ಒಯ್ತಾರ. ಎಲ್ಲಾ ತಿಂದು ಮುಗಸಾಕ ಬೀಗರ ಮನ್ಯಾಗ ಕುಂತೀರೇನ್ರಿ?" ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಟಿಕೆಟ್ ತೆಗೆದುಕೊಂಡು ಚಾರ್‌ಮಿನಾರ್ ಹತ್ತಿದೆವು. ಸುತ್ತು ಮೆಟ್ಟಿಲು ಇಕ್ಕಟ್ಟು. ಇಳಿಯುವವರಿಗೆ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಮೇಲೆ ನಿಂತರೆ ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ, ಹಣ್ಣಿನ ಗಾಡಿ, ಮುತ್ತಿನ ಅಂಗಡಿ, ಹಾರ್ನ್ ಗದ್ದಲ. "ಇಷ್ಟು ಮಂದಿ ಏನ್ ಉಣ್ತಾರೋ ದಿನಾ" ಎಂದು ಅಕ್ಕ ಬೆರಗಾದಳು.

ಲಾಡ್ ಬಜಾರಿನೊಳಗೆ ಹೊಕ್ಕರೆ ಕಣ್ಣು ಕುಕ್ಕುತ್ತದೆ. ಎರಡೂ ಬದಿಗೆ ಹರಳು, ಕನ್ನಡಿ ಕೂರಿಸಿದ ಬಳೆಗಳ ಸಾಲು. ಒಂದು ಅಂಗಡಿಯಲ್ಲಿ ಕೆಂಡದ ಮೇಲೆ ಅರಗು ಕಾಯಿಸುತ್ತ ಕೂತಿದ್ದ ಅಜ್ಜಿ ನಮ್ಮ ಮಾತು ಕೇಳಿ "ನಮ್ದು ಹುಮನಾಬಾದ್ರಿ" ಎಂದು ಕರೆದಳು. ಕೆಂಪು ಹರಳಿನವನ್ನು ನಾನು ಆರಿಸುತ್ತಿದ್ದೆ. "ಅಳತಿ ಇವರ ಕೈದು" ಎಂದೆ ಅಷ್ಟೇ. ಅಜ್ಜಿ ಅಕ್ಕನ ಕೈ ಹಿಡಿದು, ಹೆಬ್ಬೆರಳ ಬುಡ ಒತ್ತಿ, "ಸಡಲ ಬಿಡ್ರಿ ಅಮ್ಮಾ" ಎನ್ನುತ್ತ ಎರಡು ಬಳೆ ಏರಿಸಿಬಿಟ್ಟಳು. ಅಕ್ಕ ಬೇಡ ಬೇಡ ಎನ್ನುವಷ್ಟರಲ್ಲಿ ಇನ್ನೊಂದು ಕೈಗೂ ಎರಡು.

ಅಕ್ಕ ಬಿಳಿಚಿಕೊಂಡು ನನ್ನತ್ತ ತಿರುಗಿದಳು. "ಶಾಂತಾ, ತಗಸ ಇವನ್ನ."

ಅಜ್ಜಿ ಎಳೆದು ನೋಡಿದಳು. ಬಳೆ ಜಗ್ಗಲಿಲ್ಲ. "ಬಿಸಲಿಗೆ ಕೈ ಬಾತಾವ್ರಿ. ಈಗ ಜಗ್ಗಿದ್ರ ಒಡೀತಾವ. ಸಂಜಿ ತಂಪಿನ್ಯಾಗ ಸಾಬೂನು ಹಚ್ಚ್ರಿ, ಬರ್ತಾವ."

ಮದುವೆಯ ಬಳೆ ಒಡೆಯುವುದೇ? ಅಕ್ಕನೇ ಒಪ್ಪಲಿಲ್ಲ. ಹೊರಗೆ ಬಂದು ನಿಂತಾಗ ನಾನು, "ಇಲ್ಲಿ ನಮ್ಮ ಗುರ್ತು ಯಾರಿಗೈತಿ? ಸಂಜಿತನಾ ಇರಲಿ ಬಿಡ" ಎಂದೆ.

"ಇಲ್ಲಿ ಇಲ್ಲ. ಗದಗಿನ್ಯಾಗ ಐತಲ್ಲ" ಎಂದು ಅಕ್ಕ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. ನನಗೂ ಅದೇ ಚಿಂತೆ. ಬಳೆ ಬರದೇ ಹೋದರೆ? ಬೀಗರು ಹಳೇ ಕಾಲದವರು, ನಮ್ಮ ಓಣಿಯವರು ಅವರಿಗಿಂತ ಹಳಬರು. ಆಡಿಕೊಳ್ಳುವುದು ನನ್ನನ್ನಲ್ಲ, ಅವಳನ್ನು.

ಮಧ್ಯಾಹ್ನ ಮೂಸಿ ದಂಡೆಯ ಮ್ಯೂಸಿಯಂಗೆ ಹೋದೆವು. ಅಲ್ಲೊಂದು ಹಳೆಯ ಗಡಿಯಾರ. ಗಂಟೆ ಬಾರಿಸುವ ಹೊತ್ತಿಗೆ ಒಳಗಿನಿಂದ ಬೊಟ್ಟಿನುದ್ದದ ಗಡ್ಡದ ಬೊಂಬೆ ಹೊರಬರುತ್ತದೆಂದು ಜನ ಸಿನಿಮಾಕ್ಕೆ ಕೂತ ಹಾಗೆ ಕೂತಿದ್ದರು. ಬೊಂಬೆ ಬಂತು, ಟಣ್ ಟಣ್ ಎನಿಸಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ಮೈಮರೆತು ತಟ್ಟಿದಳು. ಬಳೆ ಸದ್ದು ಮಾಡಿದವು. ಗಕ್ಕನೆ ನಿಲ್ಲಿಸಿ, ಕೈ ಕೆಳಗಿಳಿಸಿ, ಸ್ವಲ್ಪ ಹೊತ್ತು ಅವನ್ನೇ ನೋಡುತ್ತ ಕೂತಳು. ಪಾಪ ಅನಿಸಿತು ನನಗೆ.

ಸಂಜೆ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಪಲ್ಲವಿ ಕೊರಳಲ್ಲಿ ಆಫೀಸಿನ ಕಾರ್ಡು ನೇತಾಡಿಸಿಕೊಂಡೇ ಓಡಿ ಬಂದಳು. ನಮಗೆ ತರಕಾರಿ ಬಿರಿಯಾನಿ, ನೆಂಚಿಕೊಳ್ಳಲು ಮೆಣಸಿನಕಾಯಿ ಸಾಲನ್, ಕೊನೆಗೆ ಜರ್ದಾಳು ಹಣ್ಣಿನ ಸಿಹಿ ಖುಬಾನಿ ಹೇಳಿದಳು. ಅಷ್ಟರಲ್ಲಿ ಅಕ್ಕನ ಕೈ ಕಂಡಿತು.

"ದೊಡ್ಡವ್ವಾ! ಎಷ್ಟ್ ಛಂದ ಕಾಣಾಕತ್ತಾವ!"

"ನಿನ್ನವ ಇವು, ನಮ್ಮವ್ವಾ. ಸಾಬೂನು ಹಚ್ಚಿದ್ರ ಬರ್ತಾವ, ತಡಿ" ಎನ್ನುತ್ತ ಅಕ್ಕ ಕೈ ತೊಳೆಯಲು ಎದ್ದಳು. ಸಹಾಯಕ್ಕೆಂದು ನಾನೂ ಹಿಂದೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ.

ಅಕ್ಕ ನೊರೆ ಬರುವಂತೆ ಸಾಬೂನು ಹಚ್ಚಿದಳು. ತಂಪಿಗೆ ಬಾವು ಇಳಿದಿತ್ತೋ ಏನೋ, ಬಳೆ ತಾವಾಗಿಯೇ ಜಾರಿ ಬೆರಳ ಗೆಣ್ಣಿನವರೆಗೆ ಬಂದವು. ಅಕ್ಕ ಅವನ್ನು ಹಾಗೇ ಹಿಡಿದು ನಿಂತಳು. ಎದುರಿನ ಕನ್ನಡಿ ನೋಡಿದಳು. ಆಮೇಲೆ ಮೆಲ್ಲಗೆ ಒಂದೊಂದಾಗಿ ಮುಂಗೈಗೆ ಹಿಂದಕ್ಕೆ ತಳ್ಳಿದಳು. ನೀರು ಬಿಟ್ಟು ನೊರೆ ತೊಳೆದಳು. ನಾನು ಸದ್ದಿಲ್ಲದೆ ಬಂದು ಕುರ್ಚಿಯಲ್ಲಿ ಕೂತೆ.

ಅಕ್ಕ ಬಂದಳು. "ಬರವಲ್ವು" ಎಂದಳು.

"ಬರದಿದ್ರ ಬಿಡ. ನಾಳೆ ಇನ್ನೊಂದು ಜೋಡಿ ತಂದ್ರಾತು" ಎಂದೆ. ಪಲ್ಲವಿ ಖುಬಾನಿಯ ಮೊದಲ ಚಮಚವನ್ನು ದೊಡ್ಡವ್ವನ ಬಾಯಿಗೇ ಇಟ್ಟಳು.

ಭಾನುವಾರ ದೋಣಿಯಲ್ಲಿ ಕೂತು ಕೆರೆಯ ನಡುವಿನ ಬುದ್ಧನನ್ನು ನೋಡಿ ಬಂದೆವು. ಮದುಮಗಳೂ ಜೊತೆಗಿದ್ದಳು, ಲಾಡ್ ಬಜಾರಿನಲ್ಲಿ ತನ್ನ ಕೈ ತಾನೇ ಚಾಚಿದಳು. ಸಂಜೆಗೆ ವಾಪಸ್ ರೈಲು.

ಗದಗಿನಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನಲ್ಲೇ ನಮ್ಮ ಓಣಿಯ ಪಾರ್ವತಕ್ಕ ಸಿಗಬೇಕೇ! ಅಕ್ಕನ ಕಡೆ ನೋಡಿದೆ. ಕೈ ಮೇಲೆ ಸೆರಗಿರಲಿಲ್ಲ.

"ಏನೇನ್ ನೋಡಿ ಬಂದ್ರಿ ಗಂಗಕ್ಕಾ?" ಎಂದಳು ಪಾರ್ವತಕ್ಕ.

"ಚಾರ್‌ಮಿನಾರ್ ಹತ್ತಿದ್ವಿ. ಇರಾನಿ ಚಾ ಕುಡದ್ವಿ" ಎಂದ ಅಕ್ಕ ಚೀಲ ಕೆಳಗಿಟ್ಟು ಎರಡೂ ಕೈ ಅವಳ ಮುಂದೆ ಚಾಚಿದಳು. "ಬಳಿ ತೊಟ್ಕೊಂಡು ಬಂದೆ. ಹೆಂಗದಾವ ನೋಡ."